ಟೋಪಿ ತಾಗದ ಗಾಡಿ

ಷಡ್ಡಕನೆಂಬ ಪ್ರಾಣಿಯನ್ನು ಸೃಷ್ಟಿಸಿದ ದಿನ ಮೇಲಿನ ನೀಲಿ ಆಕಾಶದೇವರಿಗೆ ಬೇರೇನೂ ಕೆಲಸವಿರಲಿಲ್ಲವೆಂದು ಬ್ಯಾಂಬಾನ ಗಟ್ಟಿ ನಂಬಿಕೆ. ಅವನ ಷಡ್ಡಕ ಜರ್ಗಲ್, ಅಂದರೆ ಹೆಂಡತಿಯ ಅಕ್ಕನ ಗಂಡ, ಒಂದು ಬಿಳಿ ಜೀಪಿನ ಒಡೆಯ. ಅದೇನು ಅಂತಿಂಥ ಜೀಪಲ್ಲ. ಉಲಾನ್‌ಬಾತರಿನ ಬೀದಿಯಲ್ಲಿ ಅದು ಹೊರಟರೆ ಉಳಿದ ಕಾರುಗಳು ಎದ್ದು ನಿಂತು ದಾರಿ ಬಿಡುತ್ತವೇನೋ ಅನ್ನಿಸುವಂಥದು. ಪ್ರತಿ ವರ್ಷ ಬಿಳಿ ತಿಂಗಳ ಹಬ್ಬಕ್ಕೆ, ಅಂದರೆ ಹೊಸವರ್ಷಕ್ಕೆ, ಮಾವನ ಮನೆಗೆ ಹೋಗುವುದು ಅದರಲ್ಲೇ. ಜರ್ಗಲ್ ದಂಪತಿ ಮುಂದೆ, ಅವರ ಮಕ್ಕಳು ನಡುವೆ, ಆ ಮಕ್ಕಳ ಸಂದಿಯಲ್ಲಿ ಬ್ಯಾಂಬಾನ ಹೆಂಡತಿ ಮತ್ತು ಮಕ್ಕಳು. ಬ್ಯಾಂಬಾ ಮಾತ್ರ ಎಲ್ಲಕ್ಕಿಂತ ಹಿಂದೆ, ಸಾಮಾನಿನ ಜೊತೆ. (ಸಾಮಾನು ಅಲುಗದಂತೆ ಹಗ್ಗ ಕಟ್ಟುತ್ತಿದ್ದರು. ಬ್ಯಾಂಬಾಗೆ ಆ ಮರ್ಯಾದೆಯೂ ಇರಲಿಲ್ಲ.)

ಹೋದ ವರ್ಷವಂತೂ ಜರ್ಗಲ್ ಮಾವನ ಗುಡಾರದ ಮುಂದೆ ಗಾಡಿ ನಿಲ್ಲಿಸಿ, ಹಿಂಬಾಗಿಲು ತೆಗೆದು, ನೆಂಟರಿಷ್ಟರೆಲ್ಲ ಕೇಳುವಂತೆ ಕೂಗಿದ: "ಅತ್ತೆ, ಹಿಟ್ಟು ಎರಡು ಮೂಟೆ, ಅಕ್ಕಿ ಒಂದು ಮೂಟೆ, ಬ್ಯಾಂಬಾ ಒಂದು. ಎಣಿಸಿ ಇಳಿಸ್ಕೊಳ್ಳಿ!"

ಆ ನಗು ಇನ್ನೂ ಬ್ಯಾಂಬಾನ ಕಿವಿಯಲ್ಲಿತ್ತು. ಹಾಗಾಗಿ ಈ ಚಳಿಗಾಲದಲ್ಲಿ ಅತ್ತೆ ದುಲ್ಮಾ ಫೋನು ಮಾಡಿ, "ಈ ಸಲ ಅಜ್ಜಿಗೆ ತೊಂಬತ್ತು ತುಂಬುತ್ತೆ, ಎಲ್ಲರೂ ಬರಬೇಕು. ಜರ್ಗಲ್ ಗಾಡೀಲೇ ಬರ್ತೀರಲ್ಲ?" ಎಂದಾಗ ಅವನ ಬಾಯಿ ಅವನ ಅಪ್ಪಣೆ ಕೇಳದೆ ತೆರೆದುಕೊಂಡಿತು.

"ಇಲ್ಲ ಅತ್ತೆ. ಈ ಸಲ ನಮ್ಮದೇ ಗಾಡೀಲಿ ಬರ್ತೀವಿ. ಅಜ್ಜಿಗೆ ಹೇಳಿ, ಕಿರಿ ಅಳಿಯ ಸ್ವಂತ ಗಾಡೀಲಿ ಬಂದು ನಮಸ್ಕಾರ ಮಾಡ್ತಾನೆ ಅಂತ."

ಅಡುಗೆಮನೆಯಿಂದ ಹೆಂಡತಿ ಸರ್ನೈ ತಲೆ ಹೊರಹಾಕಿದಳು. "ಯಾವ ಗಾಡಿ?"

"ತಗೋಬೇಕು."

"ತಗೊಂಡ್ಮೇಲೆ ಹೇಳೋದಲ್ವಾ? ಅಮ್ಮ ಈಗ ಅಜ್ಜಿಗೆ ಹೇಳಿರ್ತಾಳೆ. ಅಜ್ಜಿ ಕಣಿವೆಗೆಲ್ಲ ಹೇಳಿರ್ತಾಳೆ. ಕುರಿಗಳಿಗೂ ಗೊತ್ತಾಗಿರುತ್ತೆ."

ಬ್ಯಾಂಬಾ ಒಂದು ವಸತಿ ಸಮುಚ್ಚಯದ ಬಿಸಿನೀರು ಕಚೇರಿಯಲ್ಲಿ ಗುಮಾಸ್ತ. "ಮನೆ ತಣ್ಣಗಿದೆ" ಎಂದು ಫೋನು ಮಾಡಿದವರಿಗೆ "ಬೆಚ್ಚಗಾಗುತ್ತೆ" ಎಂದು ಹೇಳುವುದು ಅವನ ಉದ್ಯೋಗ. ಯಾವಾಗ ಎಂದು ಹೇಳುವುದು ಬೇರೆ ವಿಭಾಗಕ್ಕೆ ಸೇರಿದ್ದು. ಹೀಗಾಗಿ ಶಾಖ, ಶೈತ್ಯ ಮುಂತಾದ ಗಹನ ವಿಷಯಗಳಲ್ಲಿ ತಾನು ಪಂಡಿತನೆಂಬ ಭಾವನೆ ಅವನಲ್ಲಿ ಬೇರೂರಿತ್ತು. ಅವನು ಕಚೇರಿಯ ಬಿಡುವಿನಲ್ಲೂ, ಬಿಡುವಿಲ್ಲದಾಗಲೂ ಮೊಬೈಲಿನಲ್ಲಿ ಕಾರುಗಳ ವಿಡಿಯೋ ನೋಡಿ ತೀರ್ಮಾನಕ್ಕೆ ಬಂದ. ಮೈನಸ್ ನಲವತ್ತರಲ್ಲೂ ಒಂದೇ ಕೂಗಿಗೆ ಏಳಬೇಕು, ಮಗಳನ್ನು ಶಾಲೆಗೆ ಬಿಡಬೇಕು, ಹಿಮ ಬಿದ್ದ ಗುಡ್ಡ ಹತ್ತಬೇಕು, ಎಣ್ಣೆ ಕಡಿಮೆ ಕುಡಿಯಬೇಕು, ಹೆಂಡತಿ ಬೈಯಬಾರದು. ಇಷ್ಟೆಲ್ಲ ಗುಣವಿರುವುದು, ಊರಿನ ಅರ್ಧ ಜನ ಓಡಿಸುವ, ಜಪಾನಿನಿಂದ ಬಂದ ಆ ಪುಟ್ಟ ಹೈಬ್ರಿಡ್ ಕಾರಿಗೆ. (ಕೊನೆಯ ಗುಣ ಯಾವ ದೇಶದ ಕಾರಿಗೂ ಇಲ್ಲವೆಂದು ಅವನಿಗೆ ಆಮೇಲೆ ತಿಳಿಯಿತು.)

ಅಷ್ಟರಲ್ಲಿ ಮಾವ ಚೋಯ್ಜಿಲ್ ಹಲ್ಲು ಕಟ್ಟಿಸಿಕೊಳ್ಳಲು ಪಟ್ಟಣಕ್ಕೆ ಬಂದರು. ಜೀವನವೆಲ್ಲ ಕುದುರೆ ಸಾಕಿದ ಮನುಷ್ಯ. "ಕಾರು ತಗೋತೀಯಂತೆ, ಅಳಿಯ? ನಡಿ, ನಾನೂ ನೋಡ್ತೀನಿ" ಎಂದರು. ಬೇಡವೆನ್ನಲು ಬ್ಯಾಂಬಾ ಬಾಯಿ ತೆರೆದ. ಈ ಸಲ ಅದು ಅಪ್ಪಣೆಗೆ ಕಾದು, ಸುಮ್ಮನೆ ಮುಚ್ಚಿಕೊಂಡಿತು.

ಊರಂಚಿನ ಕಾರುಸಂತೆಯಲ್ಲಿ ಬ್ಯಾಂಬಾ ತಾನು ಮನಸಾರೆ ಮೆಚ್ಚಿದ್ದ ಬೆಳ್ಳಿ ಬಣ್ಣದ ಪುಟ್ಟ ಕಾರನ್ನು ತೋರಿಸಿದ. ಮಾವ ಅದರ ಸುತ್ತ ಒಂದು ಸುತ್ತು ಬಂದರು. ಕುದುರೆಗೆ ತಟ್ಟುವಂತೆ ಅದರ ಹಣೆ ತಟ್ಟಿದರು. ಚಕ್ರವನ್ನು ಗೊರಸು ನೋಡುವಂತೆ ಬಗ್ಗಿ ನೋಡಿದರು. ಆಮೇಲೆ ಒಳಗೆ ಕೂತರು. ಕೂತದ್ದೇ ತಡ, ಅವರ ನರಿತುಪ್ಪಳದ ಟೋಪಿ ಚಾವಣಿಗೆ ತಾಗಿ ಮೂಗಿನವರೆಗೆ ಇಳಿಯಿತು.

ಟೋಪಿಯ ಒಳಗಿನಿಂದ ಮಾವನ ಧ್ವನಿ ಬಂತು: "ಅಳಿಯ."

"ಹೇಳಿ ಮಾವ."

"ಗಂಡಸು ಟೋಪಿ ತೆಗೆದು ಕೂರಬೇಕಾದ್ದು ಗಾಡೀನಾ?"

"ಮಾವ, ಇದು ಎಣ್ಣೆ ಬಹಳ ಕಮ್ಮಿ ಕುಡಿಯುತ್ತೆ..."

"ತಿನ್ನದ ಕುದುರೆ ಓಡಲ್ಲ. ಅದಿರಲಿ, ಸ್ಟಾರ್ಟ್ ಮಾಡು."

"ಮಾಡಿದ್ದೀನಿ. ಓಡ್ತಾ ಇದೆ."

ಮಾವ ಇಳಿದು ಮುಂಭಾಗಕ್ಕೆ ಕಿವಿ ಕೊಟ್ಟರು. ಮುಖದಲ್ಲಿ ಆಳವಾದ ಅನುಮಾನ. "ಉಸಿರೇ ಇಲ್ಲವಲ್ಲೋ! ಗುಡ್ಡದ ಮೇಲೆ ಇದು ಸತ್ತಿದೆಯೋ ಬದುಕಿದೆಯೋ ಹೇಗೆ ತಿಳ್ಕೊಳ್ತೀಯ?"

ಮಕ್ಕಳೊಂದಿಗೆ ಜೊತೆಗೆ ಬಂದಿದ್ದ ಸರ್ನೈ ಅಪ್ಪನ ಕಡೆ ಸೇರಿಕೊಂಡಳು. "ಕೂಸಿನ ತೊಟ್ಟಿಲು ಎಲ್ಲಿಡೋದು? ಬರುವಾಗ ಅಮ್ಮ ಕೊಡೋ ಮಾಂಸ ಎಲ್ಲಿಡೋದು? ನಿನ್ನನ್ನ ಎಲ್ಲಿಡೋದು?"

"ನಾನು ಓಡಿಸ್ತಾ ಇರ್ತೀನಲ್ಲೇ!"

"ಓ ಹೌದಲ್ಲ, ಅಭ್ಯಾಸ ತಪ್ಪಿಲ್ಲ ನೋಡು."

ಅತ್ತ ಆರು ವರ್ಷದ ಮಗಳು ಅನು ಆಗಲೇ ಸಂತೆಯ ತುದಿಯಲ್ಲಿ ನಿಂತು ಕೂಗುತ್ತಿದ್ದಳು: "ಅಪ್ಪಾ, ಇಲ್ಲೊಂದು ಬ್ರೆಡ್ಡಿದೆ! ಚಕ್ರ ಇರೋ ಬ್ರೆಡ್ಡು!"

ಅದು ರಷ್ಯಾ ಕಡೆಯ ಹಳೆಯ ಬೂದು ವ್ಯಾನು. ಹಳ್ಳಿಗಾಡಿನಲ್ಲೆಲ್ಲ ಫುರ್ಗೋನ್ ಎನ್ನುತ್ತಾರೆ. ಚೌಕ ದೇಹ, ದುಂಡು ಕಣ್ಣು, ಯಾರು ಏನೆಂದರೂ ಬೇಸರಿಸದ ಮುಖ. ಮಾವ ಒಳಗೆ ಹತ್ತಿ ಟೋಪಿ ಸಮೇತ ಕೂತರು. ಟೋಪಿಯ ಮೇಲೆ ಇನ್ನೊಂದು ಟೋಪಿಯಿಟ್ಟರೂ ಜಾಗವಿತ್ತು. ಸರ್ನೈ ತೊಟ್ಟಿಲಿನ ಜಾಗ ಕಂಡುಹಿಡಿದಳು. ವಿಡಿಯೋ ಕರೆಯಲ್ಲಿ ಅತ್ತೆ, "ಕುರಿ ನಿಂತ್ಕೊಂಡು ಬರಬಹುದಾ?" ಎಂದು ವಿಚಾರಿಸಿ, "ಒಂದಲ್ಲ, ಆರು" ಎಂಬ ಉತ್ತರ ಪಡೆದು ತೃಪ್ತರಾದರು. ಸ್ಟಾರ್ಟ್ ಮಾಡಿದಾಗ ಸಂತೆಯ ಪಾರಿವಾಳಗಳೆಲ್ಲ ಹಾರಿಹೋದವು.

"ಇದು ಉಸಿರು" ಎಂದರು ಮಾವ.

ಹೀಗೆ ಬ್ಯಾಂಬಾ ಸ್ವತಂತ್ರವಾಗಿ, ಸ್ವಂತ ಬುದ್ಧಿಯಿಂದ, ಫುರ್ಗೋನನ್ನು ಆಯ್ಕೆ ಮಾಡಿದ.

ಮಾರುವವನು ಪುರೆವ್ ಎಂಬ ಮುದುಕ, ಅವನೂ ಹಿಂದೆ ಕುದುರೆಯವನೇ. ಕೀಲಿ ಕೊಡುವ ಮೊದಲು ಅವನು ತನ್ನ ಅಂಗಿಯ ತೋಳಿನಿಂದ ಗಾಡಿಯ ಮೂತಿಯನ್ನು ಮೂರು ಸಲ ಒರೆಸಿಕೊಂಡ. ಆಮೇಲೆ ಮೂತಿಗೆ ಕಟ್ಟಿದ್ದ ದಪ್ಪ ಕಂಬಳಿಯ ಹೊದಿಕೆಯ ಗಂಟು ಬಿಚ್ಚಿ, ಮಡಿಚಿ, ಕಂಕುಳಲ್ಲಿ ಇಟ್ಟುಕೊಂಡ.

"ಅಜ್ಜಾ, ಅದು ಗಾಡಿಯದಲ್ವಾ? ಚಳಿಗಾಲಕ್ಕೆ ಬೇಕಾಗುತ್ತೆ" ಎಂದ ಬ್ಯಾಂಬಾ.

ಮುದುಕ ಬೆಚ್ಚಿಬಿದ್ದವನಂತೆ ನೋಡಿದ. ಮಾವ ಬ್ಯಾಂಬಾನ ತೋಳು ಚಿವುಟಿ ಪಕ್ಕಕ್ಕೆಳೆದರು. "ಮಾನ ತೆಗೀತೀಯಲ್ಲೋ! ಕುದುರೆ ಮಾರಿದವನು ಮೂತಿಹಗ್ಗ ಕೊಡ್ತಾನಾ? ಅದರ ಜೊತೆ ಅವನ ಮನೆ ಅದೃಷ್ಟ ಹೊರಟುಹೋಗಲ್ವಾ? ಗಾಡೀಗೆ ಆ ಹೊದಿಕೆನೇ ಮೂತಿಹಗ್ಗ. ಕೇಳಬಾರದು."

"ಆದ್ರೆ ಮಾವ, ಚಳಿಗಾಳಿ ನೇರ ಇಂಜಿನ್ನಿಗೆ..."

"ಹೊಸದು ಹೊಲಿಸು."

ಹೊಸದನ್ನು ಹೊಲಿಸಬೇಕೆಂದು ಸರ್ನೈಯೂ ಹೇಳಿದಳು, ಎರಡು ಸಲ. ಬ್ಯಾಂಬಾ ನಕ್ಕ. "ಬಿಸಿ ಅನ್ನೋದು ನನ್ನ ಇಲಾಖೆ ಕಣೇ. ಒಂದು ರಟ್ಟಿನ ಪೆಟ್ಟಿಗೆ ಬಿಡಿಸಿ ಕಟ್ಟಿದ್ರೆ ಸಾಕು." ಬದಲಿಗೆ ಅವನು ಹೊಲಿಗೆಯಂಗಡಿಗೆ ಹೋಗಿ ತನಗೊಂದು ಹೊಸ ದೇಲ್ ಹೊಲಿಸಿಕೊಂಡ. ಆಕಾಶನೀಲಿ ರೇಷ್ಮೆಯ ನಿಲುವಂಗಿ, ಒಳಗೆಲ್ಲ ಕುರಿಮರಿಯ ಉಣ್ಣೆ, ಸೊಂಟಕ್ಕೆ ಸುತ್ತಲು ಹಳದಿ ಪಟ್ಟಿ. ಸ್ವಂತ ಗಾಡಿಯಿಂದ ಇಳಿಯುವವನು ಗಾಡಿಯ ಒಡೆಯನಂತೆ ಕಾಣಬೇಡವೇ?

ಹಬ್ಬದ ಮೊದಲ ದಿನ ಬೆಳಕು ಹರಿಯುವಾಗ ಹೊರಟರು. ಮಧ್ಯಾಹ್ನದೊಳಗೆ ಅಜ್ಜಿಯ ಮುಂದೆ ನಿಲ್ಲಬೇಕು. ತಡವಾದರೆ ಹಿರಿಯರು ಕಾದು ಕೂತಂತಾಗಿ ಮಹಾ ಅಪಚಾರ. ಮೊದಲರ್ಧ ದಾರಿ ಬ್ಯಾಂಬಾ ಹಾಡು ಹೇಳಿದ. ಗುಡ್ಡದ ನೆತ್ತಿಯ ತಿರುವಿನಲ್ಲಿ ಗಾಳಿ ಬೀಸಿತು.

"ಅಪ್ಪಾ, ನಮ್ಮ ಪೆಟ್ಟಿಗೆ ಹಾರಿಹೋಯ್ತು" ಎಂದಳು ಅನು.

ರಟ್ಟು ಹದ್ದಿನಂತೆ ಕಣಿವೆಯ ಮೇಲೆ ತೇಲುತ್ತ ಹೋಯಿತು. ಆಮೇಲಿನದು ಕ್ರಮವಾಗಿ ನಡೆಯಿತು. ಇಂಜಿನಿನ ಬಿಸಿ ತೋರಿಸುವ ಮುಳ್ಳು ಕೆಳಗಿಳಿಯಿತು. ಹೀಟರಿನಿಂದ ಹಿಮಗಾಳಿ ಬಂತು. ಗಾಜಿನ ಒಳಮೈಗೆ ಮಂಜು ಕಟ್ಟಿ, ಅನು ಅದರ ಮೇಲೆ ಉಗುರಿನಿಂದ ಒಂಟೆ ಬರೆದಳು. ಫುರ್ಗೋನ್ ಕೆಮ್ಮಿತು, ಸೀನಿತು, ನಿಂತಿತು.

ಬ್ಯಾಂಬಾ ಇಳಿದು ಮೂತಿಯ ಮುಂದೆ ನಿಂತ. ಏನೂ ತೋಚದೆ, ಬಾಯಿಗೆ ಬಂದದ್ದನ್ನು ಹೇಳಿದ: "ಬೆಚ್ಚಗಾಗುತ್ತೆ."

"ಯಾವಾಗ?" ಎಂದಳು ಸರ್ನೈ, ಕೂಸನ್ನು ಕಂಬಳಿಯಲ್ಲಿ ಸುತ್ತುತ್ತ.

ಇದೇ ಶುಭಮುಹೂರ್ತದಲ್ಲಿ ಹಿಂದಿನಿಂದ ಬಿಳಿ ಜೀಪು ಬಂದು ಪಕ್ಕದಲ್ಲಿ ನಿಂತಿತು. ಗಾಜು ಇಳಿಯಿತು. ಬೆಚ್ಚನೆಯ ಗಾಳಿಯೂ, ಅದರ ಹಿಂದೆ ಜರ್ಗಲನ ನಗುವೂ ಹೊರಬಂದವು.

"ಏನಪ್ಪ ಬ್ಯಾಂಬಾ, ಕೆಟ್ಟುಹೋಯ್ತಾ? ಹಿಂದೆ ಮೂಟೆ ಜಾಗ ಖಾಲಿ ಇದೆ. ಬರ್ತೀಯಾ?"

"ಛೇ ಛೇ, ಕೆಡೋದೇನು! ಮಕ್ಕಳಿಗೆ ಪ್ರಕೃತಿ ತೋರಿಸ್ತಾ ಇದ್ದೀವಿ."

"ಓಹೋ. ಚೆನ್ನಾಗಿ ತೋರಿಸು. ಬಿಳೀದೆಲ್ಲ ಹಿಮ" ಎಂದು ಹೇಳಿ ಜರ್ಗಲ್ ಹೊರಟುಹೋದ.

ಜೀಪು ಮರೆಯಾಯಿತು. ಸರ್ನೈ ಗಂಡನನ್ನು ಮೇಲಿಂದ ಕೆಳಗೆ, ದರ್ಜಿಯ ಕಣ್ಣಿನಿಂದ ಅಳೆದಳು.

"ಬಿಚ್ಚು."

"ಏನನ್ನ?"

"ದೇಲ್. ಗಾಡೀಗೆ ಮೂತಿ ಚಳಿ. ಕುರಿಮರಿ ಉಣ್ಣೆ ಇರೋದು ನಿನ್ನ ಮೈಮೇಲೆ."

"ಸರ್ನೈ, ಇದು ರೇಷ್ಮೆ! ಅಜ್ಜಿ ಮುಂದೆ ಇದ್ರಲ್ಲೇ ಇಳೀಬೇಕು ಅಂತ..."

"ಹಾಗಾದ್ರೆ ಜರ್ಗಲ್ ಭಾವನ್ನ ವಾಪಸ್ ಕರೀಲಾ?"

ಬ್ಯಾಂಬಾ ಬಿಚ್ಚಿದ. ಇಬ್ಬರೂ ಸೇರಿ ಫುರ್ಗೋನಿನ ಮೂತಿಗೆ ದೇಲ್ ತೊಡಿಸಿದರು. ತೋಳುಗಳನ್ನು ಎರಡು ಕಡೆಯ ಕನ್ನಡಿಗಳಿಗೆ ಬಿಗಿದು, ಕಾಲರಿನ ಗುಂಡಿ ಹಾಕಿ, ಹಳದಿ ಪಟ್ಟಿ ಸುತ್ತಿ ಗಂಟು ಬಿಗಿದರು. ಒಪ್ಪಲೇಬೇಕು, ಬ್ಯಾಂಬಾಗಿಂತ ಅದಕ್ಕೇ ಚೆನ್ನಾಗಿ ಒಪ್ಪುತ್ತಿತ್ತು, ಅದರ ಭುಜ ಅಗಲ ನೋಡಿ. ನಾಲ್ಕು ಸಲ ಕೀಲಿ ತಿರುಗಿಸಿದ ಮೇಲೆ ಇಂಜಿನು ಎದ್ದಿತು, ನಿಧಾನಕ್ಕೆ ಮುಳ್ಳು ಮೇಲೇರಿತು. ಗಾಡಿ ಬೆಚ್ಚಗಾಯಿತು. ತೆಳ್ಳನೆಯ ಸ್ವೆಟರಿನಲ್ಲಿ ಬ್ಯಾಂಬಾ ಮಾತ್ರ ಹಲ್ಲು ಕಟಕಟಿಸುತ್ತಿದ್ದ. ಸರ್ನೈ ಪೆಟ್ಟಿಗೆ ತೆರೆದು ತನ್ನ ಇನ್ನೊಂದು ದೇಲ್ ತೆಗೆದಳು. ತಿಳಿಗುಲಾಬಿ ಬಣ್ಣ, ಅಂಚಿಗೆ ಬೆಳ್ಳಿ ಹೂವು.

"ಬೇಡ" ಎಂದ ಬ್ಯಾಂಬಾ.

"ಸರಿ, ನಡುಗು."

ಮುಂದಿನ ತಿರುವಿನಲ್ಲಿ ಅವನು ಕೈ ಚಾಚಿದ. ಸರ್ನೈ ತೊಡಿಸಿ, ತಲೆಗೆ ಶಾಲನ್ನೂ ಸುತ್ತಿದಳು. "ಮಾವನ ಮನೆ ಹತ್ರ ಬಂದ್ಮೇಲೆ ಅದಲುಬದಲು ಮಾಡ್ಕೊಂಡ್ರಾಯ್ತು" ಎಂದು ಅವನು ತನಗೆ ತಾನೇ ಹೇಳಿಕೊಂಡ.

ಆದರೆ ಕಣಿವೆಗೆ ಇಳಿಯುವ ಹೊತ್ತಿಗೆ ಜರ್ಗಲ್ ಸುದ್ದಿ ಮುಟ್ಟಿಸಿಯಾಗಿತ್ತು. ಕಿರಿ ಅಳಿಯ ಬರುತ್ತಾನೋ ಇಲ್ಲವೋ ಎಂದು ನೋಡಲು ಇಡೀ ಬಳಗ ಗುಡಾರದ ಹೊರಗೆ ನಿಂತಿತ್ತು. ಎಲ್ಲರ ಮುಂದೆ ಕೋಲು ಹಿಡಿದ ಅಜ್ಜಿ. ಕಣ್ಣಿಗೆ ಪೊರೆ ಬಂದು, ಅದರ ಮೇಲೆ ಹಿಮದ ಬಿಸಿಲು ಹೊಡೆದು, ಅವರಿಗೆ ಬಣ್ಣಗಳಷ್ಟೇ ಕಾಣುತ್ತಿದ್ದವು. ಫುರ್ಗೋನ್ ಬಂದು ನಿಂತಿತು. ಆಫ್ ಮಾಡಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯದಿಂದ ಬ್ಯಾಂಬಾ ಹಾಗೇ ಬಿಟ್ಟು ಇಳಿದ.

ಅಜ್ಜಿ ನೇರವಾಗಿ ನೀಲಿ ದೇಲ್ ಇದ್ದಲ್ಲಿಗೆ ನಡೆದರು.

"ಬಾಪ್ಪ ಅಳಿಯ, ಬಾ! ಸ್ವಂತ ಗಾಡೀಲಿ ಬಂದ್ಯಾ?" ಎನ್ನುತ್ತ ತಮ್ಮೆರಡು ಕೈಗಳನ್ನು, ಹಿರಿಯರು ಕಿರಿಯರ ತೋಳಮೇಲೆ ಇಡುವ ಪದ್ಧತಿಯಂತೆ, ಫುರ್ಗೋನಿನ ತೋಳುಗಳ ಮೇಲಿಟ್ಟರು. "ಎಷ್ಟು ಮೈ ತುಂಬ್ಕೊಂಡಿದ್ದೀಯ! ಹೋದ ವರ್ಷ ಕಡ್ಡಿ ಥರ ಇದ್ದೆ. ಚೆನ್ನಾಗಿದ್ದೀಯಾ?"

ಫುರ್ಗೋನ್ ಘರ್ರ್ ಎಂದಿತು.

"ಗಂಟಲು ಕಟ್ಟಿದೆ ಪಾಪ." ಅಜ್ಜಿ ಮುದ್ದಿಸುವ ಪದ್ಧತಿಯಂತೆ ಕೆನ್ನೆ ಮೂಸಿದರು. ಪೆಟ್ರೋಲಿನ ಘಾಟು ಮೂಗಿಗೆ ಹೊಡೆಯಿತು. "ಹೂಂ. ಬೆಳಗ್ಗೇನೇ ಹಾಕ್ಕೊಂಡಿದ್ದಾನೆ. ಹೋಗ್ಲಿ, ಹಬ್ಬ."

"ಅಜ್ಜೀ, ನಾನು..." ಎಂದು ಮುಂದೆ ಬಂದ ಬ್ಯಾಂಬಾನ ಬಾಯಿಗೆ ಮಾವನ ಅಂಗೈ ಬಿತ್ತು. "ಸುಮ್ನಿರು! ವರ್ಷದ ಮೊದಲ ಆಶೀರ್ವಾದ. ಮಧ್ಯೆ ಬಾಯಿ ಹಾಕಿದ್ರೆ ವರ್ಷವಿಡೀ ಅಡ್ಡಿ."

ಅಜ್ಜಿ ಹರಸುತ್ತಲೇ ಹೋದರು. ಹೊಟ್ಟೆ ತುಂಬಿರಲಿ, ಕಾಲು ಗಟ್ಟಿಯಿರಲಿ, ದಾರಿ ತಪ್ಪದಿರಲಿ. ನೀಲಿ ರೇಷ್ಮೆಯ ಶುಭವಸ್ತ್ರವನ್ನು ಕನ್ನಡಿಯ ಮೇಲೆ ಹೊದಿಸಿದರು. ಜರ್ಗಲ್ ಹಿಮದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದ. ಯಾರೂ ಬಿಳಿ ಜೀಪಿನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟರಮಟ್ಟಿಗೆ ಬ್ಯಾಂಬಾ ಗೆದ್ದಿದ್ದ.

ಕೊನೆಗೆ ಅಜ್ಜಿ ತಿಳಿಗುಲಾಬಿ ಬಣ್ಣದ ಕಡೆ ತಿರುಗಿ, ಬ್ಯಾಂಬಾನ ಎರಡೂ ಕೆನ್ನೆ ಮೂಸಿ, ಕೈಗೊಂದು ಸಾಬೂನಿನ ಡಬ್ಬಿ ತುರುಕಿ, ಕಿವಿಯಲ್ಲಿ ಪಿಸುಗುಟ್ಟಿದರು:

"ನಿನ್ನ ಗಂಡ ಚಿನ್ನ ಕಣಮ್ಮ. ಮಾತು ಕಮ್ಮಿ, ಮೈ ಬೆಚ್ಚಗೆ. ಮುಂದಿನ ವರ್ಷ ತಪ್ಪದೆ ಅವನನ್ನ ಕಳಿಸು. ನಿನಗೆ ಬರೋಕಾಗದಿದ್ರೂ ಪರವಾಗಿಲ್ಲ."