ನೆಟ್ಟಗಿದ್ದ ಪಿಸ್ತೂಲು

ಕಣ್ಣಿಟ್ಟು ಗುರಿ ಹಿಡಿಯುವ, ಹೆಬ್ಬೆರಳಿನ ಉಗುರಿನಷ್ಟಿದ್ದ ಗುರಿಕಿಂಡಿ ಪಿಸ್ತೂಲಿನ ಬೆನ್ನ ಮೇಲಿನ ಸೀಳಿನಲ್ಲಿ ಕೂರಲಿಲ್ಲ. ರಗಳೆ ಶುರುವಾದದ್ದೇ ಅಲ್ಲಿಂದ.

ಓರಿನ್ ಟ್ವೀಟನ್ ಅಮೆರಿಕದ ಮಾಂಟಾನಾದ ಒಂದು ಸಣ್ಣ ಊರಿನಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕೂತು, ಬಿಡಿಭಾಗ ತರಿಸಿ, ಉಜ್ಜಿ ಜೋಡಿಸಿ ತನ್ನ ಮೊದಲ ಪಿಸ್ತೂಲು ಕಟ್ಟಿದ್ದ. ಆ ದಿನ ಮಧ್ಯಾಹ್ನ ಶೂಟಿಂಗ್ ಕ್ಲಬ್ಬಿನ ಮೈದಾನದಲ್ಲಿ ಹೊಡೆದು ತೋರಿಸುತ್ತೇನೆಂದು ಊರಿಗೆಲ್ಲ ಸಾರಿದ್ದ.

ಗುರಿಕಿಂಡಿ ಆರಿಸುವಾಗಲೇ ಜಗಳವಾಗಿತ್ತು. ಬಂದೂಕಿನ ಅಂಗಡಿಯ ಲೊರೇನ್ ಕತ್ತಲಲ್ಲಿ ಮಿನುಗುವ ಹಸಿರು ಚುಕ್ಕೆಯದ್ದು ತೋರಿಸಿದ್ದಳು. ಎದುರುಮನೆಯ ಮೈಲೋ, "ಸ್ಕ್ರೂ ಇರೋದು ತಗೋ ಮಾರಾಯಾ, ವಾರೆಯಾದ್ರೆ ತಿರುಗಿಸ್ಕೋಬಹುದು" ಎಂದಿದ್ದ.

"ನಾನು ಕೂರಿಸಿದ್ದು ಯಾಕೆ ವಾರೆಯಾಗುತ್ತೆ?" ಎಂದ ಓರಿನ್, ಸ್ಕ್ರೂ ಇಲ್ಲದ, ಚುಕ್ಕೆ ಇಲ್ಲದ, ಬೋಳು ಕಪ್ಪು ಕಿಂಡಿಯನ್ನೇ ತಂದಿದ್ದ.

ಈಗ ಅದನ್ನು ಅರದಿಂದ ಉಜ್ಜಿದ. ಒತ್ತಿದ. ಬೈದ. ಸುತ್ತಿಗೆ ಎತ್ತಿಕೊಂಡ. ಎರಡನೇ ಪೆಟ್ಟಿಗೆ ಕಿಂಡಿ ಒಳಗೇನೋ ಹೋಯಿತು. ಅದೇ ಹೊತ್ತಿಗೆ ಪಿಸ್ತೂಲಿನ ಮೂತಿಯಿಂದ ಸ್ಪ್ರಿಂಗು ಚಂಗನೆ ಹಾರಿ, ಬಾಗಿಲು ದಾಟಿ, ಅಂಗಳದಲ್ಲಿ ನಿಂತು ಕಾಫಿ ಕುಡಿಯುತ್ತಿದ್ದ ಮೈಲೋನ ಹಣೆಗೆ ಬಡಿಯಿತು.

"ಗುಂಡಿಲ್ದೇನೇ ನನ್ನನ್ನ ಹೊಡೀತಲ್ಲೋ ನಿನ್ನ ಪಿಸ್ತೂಲು!" ಎಂದು ಹಣೆ ಉಜ್ಜುತ್ತ ಬಂದ ಮೈಲೋ, ಕಿಂಡಿಯನ್ನು ನೋಡಿ ಹಣೆ ಮರೆತ. "ಎಡಕ್ಕೆ ಸರಿದಿದೆಯಲ್ಲೋ ಇದು! ಮದುವೆ ಊಟದಲ್ಲಿ ಕುಡಿದ ಸೋದರಮಾವನ ಟೋಪಿ ಥರ."

"ನಿನ್ನ ಕಣ್ಣು ಸರಿದಿದೆ. ಪಿಸ್ತೂಲು ನೆಟ್ಟಗಿದೆ."

ಮೈಲೋ ಹೋದ ಮೇಲೆ ಓರಿನ್ ಸ್ಪ್ರಿಂಗನ್ನು ಮತ್ತೆ ಸೇರಿಸಿ, ಗುಟ್ಟಾಗಿ ಕಿಂಡಿಯನ್ನು ಬಲಕ್ಕೆ ತಳ್ಳಲು ನೋಡಿದ. ಸಾಲ ಕೇಳಲು ಬಂದ ನೆಂಟನಂತೆ ಅದು ಕೂತಲ್ಲಿಂದ ಕದಲಲಿಲ್ಲ.

ಮೈದಾನದಲ್ಲಿ ಓರಿನ್ ಹೊಡೆದ ಗುಂಡುಗಳೆಲ್ಲ ಗುರಿಗಿಟ್ಟ ರಟ್ಟಿನ ಎಡ ಅಂಚನ್ನು ಕಡಿದವು. ಮೈಲೋ ಹೊಡೆದ, ಎಡಕ್ಕೆ. ಲೊರೇನ್ ಹೊಡೆದಳು, ಅವಳದ್ದೂ ಎಡಕ್ಕೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇಡೀ ಊರಿಗೇ ವಾರೆಗಣ್ಣು!" ಓರಿನ್ ಬೆಂಚು ಹತ್ತಿ ನಿಂತು ಕೂಗಿದ. "ಒಂದು ಕೂದಲಷ್ಟೂ ಅಲುಗಿಸಲ್ಲ ಇದನ್ನ! ಹೊಡೆಯೋಕೆ ಬರೋರು ಯಾರಾದ್ರೂ ಇದ್ರೆ ಬನ್ನಿ. ನಡುಮಧ್ಯಕ್ಕೆ ಹೊಡೆದೋರಿಗೆ ಪಿಸ್ತೂಲನ್ನೇ ಕೊಟ್ಟುಬಿಡ್ತೀನಿ!"

ಯಾರೂ ಮುಂದೆ ಬರಲಿಲ್ಲ. ಅಡುಗೆ ಮೇಜಿನ ಹತ್ತಿರ ಪ್ಯಾನ್‌ಕೇಕು ಮಗುಚುತ್ತಿದ್ದ ಅವನ ಹೆಂಡತಿ ವರ್ನಾ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದಳು. "ಕೊಡಿಲ್ಲಿ."

ಐದು ಗುಂಡು. ಐದೂ ನಡುವಿನ ಕಪ್ಪು ಚಕ್ರದೊಳಗೆ.

"ನೋಡಿದ್ರಾ? ನೋಡಿದ್ರಾ!" ಓರಿನ್ ಬೆಂಚಿನ ಮೇಲೇ ಕುಣಿದ. "ಹೇಳಿರಲಿಲ್ವಾ ನೆಟ್ಟಗಿದೆ ಅಂತ?"

"ನೀನು ಹೇಳಿದ್ದೆ, ಹೇಳಿದ್ದೆ," ಎಂದ ಮೈಲೋ. "ಹಾಗಾದ್ರೆ ಪಿಸ್ತೂಲಿಗೇನೂ ಆಗಿಲ್ಲ. ಹೊಡೆಯೋಕೆ ಬರದೇ ಇರೋದು ನಮಗೆ. ನಿನ್ನನ್ನೂ ಸೇರಿಸಿ."

ವರ್ನಾ ಪಿಸ್ತೂಲನ್ನು ಖಾಲಿ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡಳು. ಮಾತು ಮಾತೇ.

ಟ್ರಕ್ಕಿನಲ್ಲಿ ಮನೆಗೆ ಬರುವಾಗ ಅವಳು ಮೆಲ್ಲಗೆ ಬಾಯಿಬಿಟ್ಟಳು. "ಓರಿನ್, ನಾನು ಯಾಕೆ ಯಾರ ಮುಂದೇನೂ ಹೊಡೀತಿರ್ಲಿಲ್ಲ ಗೊತ್ತಾ? ಚಿಕ್ಕಂದಿನಿಂದ್ಲೂ ನನ್ನ ಗುಂಡು ಒಂದು ಗೇಣು ಬಲಕ್ಕೇ ಹೋಗುತ್ತೆ."

ಓರಿನ್ ಗಕ್ಕನೆ ಬ್ರೇಕು ಒತ್ತಿದ. "ಅಂದ್ರೆ ಕಿಂಡಿ..."

"ಹೂಂ, ಎಡಕ್ಕೆ ವಾರೆಯೇ. ಗಾಡಿ ತಿರುಗಿಸು, ಹೋಗಿ ಎಲ್ಲರಿಗೂ ಹೇಳಿಬಿಡು."

ಹೇಳಿದರೆ ಕಟ್ಟಲು ಬಾರದವನು. ಹೇಳದಿದ್ದರೆ ಹೊಡೆಯಲು ಬಾರದವನು. ಓರಿನ್ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಮನೆಯ ದಾರಿಯನ್ನೇ ದುರುಗುಟ್ಟಿ ನೋಡಿದ.

"ಪಿಸ್ತೂಲು ನೆಟ್ಟಗಿದೆ," ಎಂದು ಗಾಡಿ ಮುಂದಕ್ಕೆ ಬಿಟ್ಟ.