ಕೆನಡಾದ ಬ್ಯಾಂಡೂ ನನ್ನ ಅಕ್ಕಿ ವ್ಯಾನೂ

ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ ದಿನಸಿ ಅಂಗಡಿ ಇಟ್ಟ ಮೇಲೆ ಒಂದು ಗೊತ್ತಾಯಿತು: ಬಾಗಿಲು ತೆರೆದಿದ್ದರೆ ಬೇಳೆ ಕೊಳ್ಳುವವರಷ್ಟೇ ಬರುವುದಿಲ್ಲ, ಊರವರ ಕಷ್ಟಗಳೂ ಒಳಗೆ ಬಂದು ಕೂರುತ್ತವೆ. ಎರಡು ಸಾವಿರದ ಐದೋ ಆರೋ ಇರಬೇಕು, ಹಾಗೆ ಬಂದದ್ದು ಕೆನಡಾದ ಒಂದು ರಾಕ್ ಅಂಡ್ ರೋಲ್ ಬ್ಯಾಂಡ್. ಯಾವ ಕಂಪನಿಯ ಹಂಗೂ ಇಲ್ಲ. ತಮ್ಮ ಸಿಡಿ ತಾವೇ ಮಾಡಿ, ತಾವೇ ಹೊತ್ತು ಮಾರುವವರು. ಅವರನ್ನು ಸಿಡ್ನಿಗೆ ಕರೆಸಿದ್ದ ಏಜೆಂಟ್ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಅವರಿಗೆ ವ್ಯಾನ್ ಬೇಕಿತ್ತು, ನನ್ನ ಹತ್ತಿರ ಅಕ್ಕಿ ಸಾಗಿಸುವ ವ್ಯಾನ್ ಇತ್ತು. ಬಾಡಿಗೆ ಮುಂಗಡವಾಗಿ ತೆಗೆದುಕೊಂಡೇ ಮಾತಿಗೆ ಕೂತೆ.

"ಈ ಟೂರ್ ನಡೆಯದಿದ್ದರೆ ಬ್ಯಾಂಡ್ ಮುಗೀತು, ಬಾಸ್" ಎಂದ ಗಾಯಕ.

"ಮುಗೀಲಿ" ಎಂದ ಡ್ರಮ್ಮರ್.

೧. ಅಕ್ಕಿ ಜೊತೆ ಫ್ರೀ

ಅವರ ಸಿಡಿಗಳನ್ನು ಕೌಂಟರಿನ ಮೇಲೆ, ಅಗರಬತ್ತಿಯ ಪಕ್ಕ ಇಟ್ಟೆ. ಯಾರೂ ಮುಟ್ಟಲಿಲ್ಲ. ನಿಂತ ಸರಕು ಓಡಿಸುವ ದಾರಿ ನನಗೆ ಗೊತ್ತಿರುವುದು ಒಂದೇ. ಬೋರ್ಡ್ ಬರೆದೆ: ಸೋನಾ ಮಸೂರಿ ಮೂಟೆಗೆ ಸಿಡಿ ಫ್ರೀ. ಕ್ವೇಕರ್ಸ್ ಹಿಲ್‌ನ ಒಬ್ಬ ಆಂಟಿ ಒಯ್ದರು. ಮರುದಿನವೇ ವಾಪಸ್ ತಂದರು. ಅಲ್ಲೇ ನಿಂತಿದ್ದ ಗಾಯಕ ಆಸೆಯಿಂದ "ಕೇಳಿದಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಆಂಟಿ "ವೆರಿ ನೈಸ್" ಎಂದು ನಕ್ಕು, ನನ್ನ ಕಡೆ ತಿರುಗಿದರು.

"ಅಂಕಲ್, ಇದನ್ನ ಇಟ್ಕೊಂಡು ಒಂದು ಕಟ್ಟು ಕೊತ್ತಂಬರಿ ಕೊಡಿ. ನಮ್ಮನೆಯವರು ರಾತ್ರಿ ಊಟಾನೇ ಮಾಡ್ಲಿಲ್ಲ."

"ಏನಂದರು ಬಾಸ್?" ಎಂದ ಗಾಯಕ.

"ಇದು ಇನ್ನೊಬ್ಬರಿಗೂ ಸಿಗಲಿ ಅಂತ ವಾಪಸ್ ಕೊಟ್ಟರು" ಎಂದೆ.

೨. ಮೂರನೇ ಹಾಡು

ಪ್ಯಾರಮ್ಯಾಟಾದ ಪಬ್ಬಿನಲ್ಲಿ ಒಂದು ಮಧ್ಯಾಹ್ನ ಅವರ ಕಾರ್ಯಕ್ರಮ. ಬಿಟ್ಟಿ ಟಿಕೆಟ್ ಅಂತ ನಾನೂ ಹೋದೆ. ಅವರು ನಿಂತಿದ್ದ ಗೋಡೆಯ ಮೇಲೆಯೇ ದೊಡ್ಡ ಟಿವಿ. ಅದರಲ್ಲಿ ನಮ್ಮವರಿಗೂ ಆಸ್ಟ್ರೇಲಿಯಾದವರಿಗೂ ಮ್ಯಾಚ್. ಜನರ ಕಣ್ಣೆಲ್ಲ ಬ್ಯಾಂಡಿಗಿಂತ ಒಂದಡಿ ಮೇಲೆ. ಮೂರನೇ ಹಾಡಿನ ನಡುವೆ ಇಡೀ ಪಬ್ಬು ಎದ್ದು ನಿಂತು ಕೂಗಿತು. ಗಾಯಕ ಕಣ್ಣು ತೆರೆದು, ಎದೆಯ ಮೇಲೆ ಕೈಯಿಟ್ಟು ಬಾಗಿದ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೂಗು. ಇನ್ನೊಮ್ಮೆ ಬಾಗಿದ.

ವ್ಯಾನಿನಲ್ಲಿ ಅವನ ಮುಖಕ್ಕೆ ಮೊದಲ ಸಲ ಕಳೆ ಬಂದಿತ್ತು. "ನೋಡಿದೆಯಾ? ಮೂರನೇ ಹಾಡು ಜನಕ್ಕೆ ಹಿಡಿಸಿತು. ಇನ್ನೂ ದಾರಿಯಿದೆ" ಎಂದು ಡ್ರಮ್ಮರ್‌ನ ಭುಜ ಅಲುಗಿಸಿದ.

ಮೂರನೇ ಹಾಡಿನಲ್ಲಿ ನಮ್ಮವರ ಎರಡು ವಿಕೆಟ್ ಹೋಗಿತ್ತು. ಗಿರಾಕಿಗೆ ಎಲ್ಲವನ್ನೂ ಹೇಳಿಕೊಂಡು ಕೂತರೆ ವ್ಯಾಪಾರ ಆಗುವುದಿಲ್ಲ.

೩. ಕಾಫಿ

ಮುಂದಿನ ಕಾರ್ಯಕ್ರಮ ಮೆಲ್ಬರ್ನಿನ ಪಬ್ಬಿನಲ್ಲಿ. ದಾರಿಯಲ್ಲಿ ಗಾಯಕ ನನ್ನ ಪಕ್ಕ, ಡ್ರಮ್ಮರ್ ಹಿಂದೆ ಬೆಲ್ಲದ ಪೆಟ್ಟಿಗೆಗೆ ಒರಗಿ. ಬ್ಯಾಂಡಿನ ಉಳಿದಿಬ್ಬರು ನಿದ್ದೆ. ಇವರಿಬ್ಬರು ಮಾತು ಬಿಟ್ಟಿದ್ದರು. ಭಾವನ ಜೊತೆ ಛಾವಣಿ ಹಾಕುವ ಕೆಲಸ ಸಿಕ್ಕಿದೆ, ಮೆಲ್ಬರ್ನ್ ಆದ ಮೇಲೆ ಹೊರಟೆ ಎಂದು ಡ್ರಮ್ಮರ್ ಹೇಳಿಬಿಟ್ಟಿದ್ದ.

"ಅವನಿಗೆ ಕಾಫಿ ಬೇಕಾ ಕೇಳಿ, ಬಾಸ್" ಎಂದ ಗಾಯಕ.

"ಅವನು ಕುಡಿದರೆ ನಾನೂ ಕುಡೀತೀನಿ ಅಂತ ಹೇಳಿ, ಬಾಸ್."

"ಅವನು ಮೊದಲು ಹೇಳಲಿ."

ಪೆಟ್ರೋಲ್ ಬಂಕಿನಲ್ಲಿ ಎರಡು ಕಾಫಿ ತಂದೆ. ಇಬ್ಬರೂ ಇನ್ನೊಬ್ಬ ಕೈ ಚಾಚಲಿ ಎಂದು ಕೂತರು. ಎರಡನ್ನೂ ನಾನೇ ಕುಡಿದೆ. ಪಾಲುದಾರರು ಹೀಗೆ ಕೂತ ಅಂಗಡಿಗಳು ಮುಚ್ಚಿದ್ದನ್ನು ಬಹಳ ಕಂಡಿದ್ದೇನೆ.

೪. ಟಾರ್ನೀಟ್ ಗೃಹಪ್ರವೇಶ

ಮೆಲ್ಬರ್ನಿನ ಪಬ್ಬಿನವನೂ ಕೈಕೊಟ್ಟ. ಆ ಬೆಲ್ಲ ಹೊರಟಿದ್ದು ಆ ಊರಿನ ಹೊರವಲಯದ ಟಾರ್ನೀಟ್‌ನ ಒಬ್ಬ ಹುಬ್ಬಳ್ಳಿ ಗಿರಾಕಿಯ ಗೃಹಪ್ರವೇಶಕ್ಕೆ. ಬ್ಯಾಂಡಿನವರೂ ಜೊತೆಗಿದ್ದಾರೆ ಎಂದು ಅವರಿಗೆ ಫೋನಿನಲ್ಲಿ ಹೇಳಿದೆ. "ಆರ್ಕೆಸ್ಟ್ರಾ ಐತೇನ್ರಿ ಸಾವ್ಕಾರ್ರ? ಕರ್ಕೊಂಡ್ ಬರ್ರಿ" ಎಂದರು. ಗ್ಯಾರೇಜಿನಲ್ಲಿ ಡ್ರಮ್ ಇಳಿಸಿದೆವು.

ಆರ್ಕೆಸ್ಟ್ರಾ ಎಂದರೆ ನಮ್ಮ ಜನಕ್ಕೆ ಚೀಟಿ ಕಳಿಸುವ ಹಕ್ಕು. ಎರಡನೇ ಹಾಡಿಗೇ ಚೀಟಿಗಳು ಬಂದವು, ಎಲ್ಲ ಹಳೇ ಸಿನಿಮಾ ಹಾಡುಗಳಿಗೆ. ಗಾಯಕ ಬೆವರಿದ. ಡ್ರಮ್ಮರ್ ಕೋಲು ಎಸೆದು ಎದ್ದ.

"ಸಾಕು! ನಮ್ಮ ಹಾಡು ಯಾರಿಗೂ ಬೇಡ. ನಿನಗೆ ಮಾತ್ರ ಗೊತ್ತಾಗ್ತಿಲ್ಲ!"

"ಹೋಗು! ನಿನ್ನ ತಾಳಕ್ಕೆ ಛಾವಣಿಯೇ ಸರಿ!"

ಮೈಕು ಆನ್ ಇತ್ತು. ಹೋಳಿಗೆ ತಟ್ಟೆ ಹಿಡಿದವರೆಲ್ಲ ಗ್ಯಾರೇಜಿಗೆ ನುಗ್ಗಿದರು. ಕನ್ನಡ ಸಂಘದ ನಗೆನಾಟಕದಂಥದ್ದು ಅಂದುಕೊಂಡರು. ಗಾಯಕ ಅತ್ತಾಗಲಂತೂ ಶಿಳ್ಳೆಯೇ ಶಿಳ್ಳೆ. "ವನ್ಸ್ ಮೋರ್!" ಎಂದರು ಮನೆ ಯಜಮಾನರು.

ಇಬ್ಬರೂ ನನ್ನನ್ನು ನೋಡಿದರು. "ಇನ್ನೊಂದು ಸಲ ಬೇಕಂತೆ" ಎಂದೆ.

ಡ್ರಮ್ಮರ್‌ಗೆ ನಗು ಬಂತು. ಗಾಯಕನಿಗೂ ಬಂತು. ಕಂಪನಿ ಉಳಿಯಿತು ಅಂದುಕೊಂಡೆ. ಡ್ರಮ್ಮರ್ ಮತ್ತೆ ಕೂತು, ಮತ್ತೆ ಕೋಲೆಸೆದು, ಅದೇ ಮಾತು ಇನ್ನೂ ಜೋರಾಗಿ ಹೇಳಿ, ಗ್ಯಾರೇಜಿನಿಂದ ಹೊರಗೆ ನಡೆದ. ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಗಾಯಕ ಬಾಗಿಲನ್ನೇ ನೋಡುತ್ತಿದ್ದ. ಡ್ರಮ್ಮರ್ ವಾಪಸ್ ಬರಲಿಲ್ಲ. ಟ್ಯಾಕ್ಸಿ ಹಿಡಿದು ಏರ್‌ಪೋರ್ಟಿಗೆ ಹೋಗಿದ್ದ.

ವಾರ ಕಳೆದ ಮೇಲೆ ಹುಬ್ಬಳ್ಳಿಯವರ ಫೋನು. "ಸಾವ್ಕಾರ್ರ, ಮಗಳ ಬರ್ತ್‌ಡೇ ಐತ್ರಿ. ಆ ಪಾರ್ಟಿ ಮತ್ತ ಸಿಗ್ತದೇನ್ರಿ?"

"ಬ್ಯಾಂಡ್ ಒಡೆದುಹೋಯಿತು ಸಾರ್. ಇನ್ನು ಹಾಡೋದಿಲ್ಲ."

"ಹಾಡು ಯಾರಿಗೆ ಬೇಕ್ರಿ? ಬರೇ ಬಂದು ಜಗಳಾಡಿ ಹೋಗ್ಲಿ, ಸಾಕು."