ಶನಿವಾರದ ಓದಿಗೆ ಯಾರ್ಯಾರು ಬಂದರು

ಕನ್ನಡ ಪಾಠ ಮಾಡುವವರಿಗೆ ತಲೆನೋವಿನ ಗುಳಿಗೆಯನ್ನು ಕಾಲೇಜಿನವರೇ ಕೊಡಬೇಕು ಎಂದು ನಾನು ಬಹಳ ದಿನಗಳಿಂದ ಹೇಳುತ್ತಿದ್ದೇನೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಮಕ್ಕಳು ಮೊಬೈಲಿನಲ್ಲಿ ಕಥೆ ಓದುವ ಕಾಲ ಬಂದಮೇಲಂತೂ ವಾರಕ್ಕೊಂದು ಪಟ್ಟಿ ಗುಳಿಗೆ ನನಗೊಬ್ಬಳಿಗೇ ಸಾಲುತ್ತಿಲ್ಲ.

ನಮ್ಮದು ಗದಗಿನ ಒಂದು ಡಿಗ್ರಿ ಕಾಲೇಜು. ಹುಡುಗರು ಶಿಗ್ಲಿ, ಮುಂಡರಗಿ, ಶಿರಹಟ್ಟಿ ಕಡೆಯಿಂದ ಬರುತ್ತಾರೆ. ಪಾಠ ಮುಗಿಯುವುದೇ ತಡ, ಬಸ್ಸಿಗೆ ಓಡುತ್ತಾರೆ. ಅದಕ್ಕೇ ಶನಿವಾರ ಸಂಜೆ ಐದಕ್ಕೆ ಆನ್‌ಲೈನಿನಲ್ಲಿ ಒಂದು ತಾಸು ಇಟ್ಟೆ. ಒಂದು ಕಥೆ ಓದುವುದು, ಅದರ ಬಗ್ಗೆ ಮನಸ್ಸು ಬಿಚ್ಚಿ ಮಾತಾಡುವುದು, ಅಷ್ಟೇ. ಪರೀಕ್ಷೆ ಇಲ್ಲ, ಅಂಕ ಇಲ್ಲ. ಹದಿನೆಂಟು ವರ್ಷ ನೋಟ್ಸ್ ಬರೆಸಿ ಬರೆಸಿ ಬೇಸತ್ತ ನನಗೆ ಆ ಒಂದು ತಾಸೆಂದರೆ ಜೀವ.

ಶುರುವಾಗಿ ಎರಡು ತಿಂಗಳಾಗುವುದರೊಳಗೆ ಪ್ರಿನ್ಸಿಪಾಲರ ಕಣ್ಣು ಅದರ ಮೇಲೆ ಬಿತ್ತು. "ಮೇಡಂ, ತಿಂಗಳ ಕಡೀ ಶನಿವಾರ ನಾನೂ ಬಂದು ಕುಂಡ್ರತೀನಿ. ಹುಡುಗೂರು ತಾವಾಗೇ ಮಾತಾಡಿದ್ರ ಆತು. ಇಲ್ಲಂದ್ರ ಆ ತಾಸು ಕಂಪ್ಯೂಟರಿನವರಿಗೆ ಕೊಟ್ಟುಬಿಡ್ತೀನಿ" ಎಂದರು. ನನ್ನ ಕೈಯಲ್ಲಿ ಇನ್ನು ನಾಲ್ಕು ಶನಿವಾರಗಳಿದ್ದವು.

ಮೂವತ್ತೊಂದು ಅಭಿಪ್ರಾಯ

ಆ ನಾಲ್ಕರಲ್ಲಿ ಮೊದಲ ವಾರ ಕಥೆಯ ಪಿಡಿಎಫ್ ಕಳಿಸಿ, "ಓದಿ, ನಿಮಗೆ ಅನ್ನಿಸಿದ್ದನ್ನು ಗ್ರೂಪಿನಲ್ಲಿ ಬರೆಯಿರಿ. ಸ್ವಂತ ಮಾತಿರಲಿ" ಎಂದೆ. ಶಿಗ್ಲಿಯ ಹುಡುಗಿಯೊಬ್ಬಳು ಒಂದೇ ಗಂಟೆಯಲ್ಲಿ ಬರೆದಳು. ನಾಲ್ಕು ಸಾಲು, ಚೆನ್ನಾಗಿಯೇ ಇತ್ತು. ಕೊನೆಗೆ, "ಮೇಡಂ, ನನ್ನ ಫೋನಿನ ಚಾರ್ಜ್ ಮುಗಿಯಲು ಬಂದಿದೆ, ಉಳಿದದ್ದು ನಾಳೆ ಬರೆಯುತ್ತೇನೆ" ಎಂದಿತ್ತು.

ಸಂಜೆಯೊಳಗೆ ಮೂವತ್ತೊಂದು ಅಭಿಪ್ರಾಯ ಬಂದವು. ಮೂವತ್ತೊಂದರಲ್ಲೂ ಅವೇ ನಾಲ್ಕು ಸಾಲು. ಮೂವತ್ತು ಫೋನುಗಳ ಚಾರ್ಜೂ ಒಟ್ಟಿಗೇ ಮುಗಿಯಲು ಬಂದಿತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಒಬ್ಬ ಹುಡುಗ ಮಾತ್ರ ಸತ್ಯವಂತ. ಅವನು ಕೊನೆಯ ಸಾಲನ್ನು ತಿದ್ದಿದ್ದ: "ನನ್ನ ಫೋನಿನಲ್ಲಿ ಚಾರ್ಜ್ ಇದೆ. ಆದರೂ ಉಳಿದದ್ದು ನಾಳೆ ಬರೆಯುತ್ತೇನೆ."

ಕೊರ್ಲಹಳ್ಳಿಯ ಗಂಟಲು

ಎರಡನೆಯ ವಾರ ಬರೆಯುವ ಕೆಲಸವೇ ಬೇಡ, ಬಾಯಿಂದ ಹೇಳಿಸೋಣ ಎಂದು ಹೆಸರು ಕೂಗಿದೆ. ಕೊರ್ಲಹಳ್ಳಿಯ ಹುಡುಗನ ಸರದಿ ಬಂತು.

"ಹಾಂ" ಎಂದಿತು ಗಡಸು ದನಿ.

"ಬರೀ ಹಾಂ ಅಂದರೆ ಆಗೋದಿಲ್ಲಪ್ಪ. ಕಥೆ ಬಗ್ಗೆ ಏನಾದರೂ ಹೇಳು."

ಆ ದನಿ ಹೇಳಿತು: "ಅಕ್ಕಾರ, ನಾ ಅವನ ಅಪ್ಪ ರೀ. ಅಂವ ಹೊಳಿಗೆ ಎಮ್ಮಿ ಮೈ ತೊಳಿಯಾಕ ಹೋಗ್ಯಾನ. ಫೋನು ನೀರಾಗ ಬಿದ್ದೀತಂತ ನನ್ನ ಕೈಯಾಗ ಕೊಟ್ಟಾನ. ಅಕ್ಕಾರು ಹೆಸರ ಕೂಗಿದ್ರ ಹಾಂ ಅನ್ನು ಅಂತ ಹೇಳ್ಯಾನ್ರಿ."

"ಎಷ್ಟು ವಾರದಿಂದ ನಡೆದಿದೆ ಇದು?"

"ಬಾಳ ಇಲ್ರಿ, ಮೂರ್ನಾಕು ವಾರ. ಹೋದ ವಾರ ಹಾಜರಿ ಕೂಗುವಾಗ ನೀವ ಅಂದ್ರಲ್ಲ, ನಿನ್ನ ಗಂಟಲು ಸರಿಯಿಲ್ಲ, ಬಿಸಿನೀರು ಕುಡಿ ಅಂತ. ಕುಡದೆ ನೋಡ್ರಿ. ಆರಾಮ ಆತು."

ಪಾಸಾಗುವವರು

ಓದುವುದಿಲ್ಲ ತಾನೆ, ಕೇಳಿಯಾದರೂ ಕೇಳಲಿ ಎಂದು ಮೂರನೆಯ ವಾರ ನಾನೇ ಕಥೆಯನ್ನು ಓದಿ, ಧ್ವನಿಮುದ್ರಿಸಿ ಕಳಿಸಿದೆ. ನಾಗರ ಪಂಚಮಿಗೆ ತವರಿಗೆ ಬಂದ ಮಗಳನ್ನು ಆ ಮನೆಯ ಸೊಸೆ ಉಡಿ ತುಂಬದೆ ಕಳಿಸುವ ಕಥೆ ಅದು. ಮಡಿಲಿಗೆ ಹಾಕಬೇಕಾದ ಅಕ್ಕಿ, ಕಾಯಿ, ಖಣ ಯಾವುದೂ ಇಲ್ಲ, ಬರೀ ಸೆರಗು. ಯಾಕೆ ಹಾಗೆ ಮಾಡಿದಳೆಂದು ಕಥೆ ಬಾಯಿಬಿಟ್ಟು ಹೇಳುವುದಿಲ್ಲ.

ಲಕ್ಷ್ಮೇಶ್ವರದ ಹುಡುಗಿಯನ್ನು ಕೇಳಿದೆ: "ಕೊನೆಗೆ ಏನಾಯಿತು ಹೇಳು."

"ಗೊತ್ತಿಲ್ರೀ ಮೇಡಂ. ಅವ್ವ ರೊಟ್ಟಿ ಬಡಿಯುವಾಗ ಫೋನು ಒಲಿ ಮುಂದ ಇಟ್ಕೊಂಡು ಪೂರಾ ಕೇಳಿದ್ಲು. ಮಗ್ಗಲ ಮನಿಯವರನ್ನೂ ಕರದು ಕೇಳಿಸಿದ್ಲು. ನನ್ನ ಕೈಗೆ ಫೋನು ಬರೂದ್ರಾಗ ಚಾರ್ಜ್ ಖಾಲಿ ಆತ್ರಿ."

"ಹಾಗಾದರೆ ಪರೀಕ್ಷೆಗೂ ನಿಮ್ಮ ಅವ್ವನ್ನೇ ಕಳಿಸು" ಎಂದೆ ಸಿಟ್ಟಿನಲ್ಲಿ.

"ಆಕಿ ಪಾಸಾಗ್ತಾಳ್ರೀ ಮೇಡಂ. ನಂದ ಖಾತ್ರಿ ಇಲ್ಲ."

ಕಡೆಯ ಶನಿವಾರ

ಪ್ರಿನ್ಸಿಪಾಲರು ಐದಕ್ಕೆ ಸರಿಯಾಗಿ ಬಂದು, ತಮ್ಮ ಮನೆಯ ಸೋಫಾದ ಮೇಲೆ ಕುಳಿತು ಕ್ಯಾಮೆರಾ ಹಚ್ಚಿದರು. ನಾನು ಹೋದ ವಾರದ ಕಥೆಯನ್ನೇ ಎತ್ತಿಕೊಂಡೆ. "ಸೊಸೆ ಮಾಡಿದ್ದು ಸರಿಯೋ ತಪ್ಪೋ?" ಎಂದು ಕೇಳಿದೆ. ಒಬ್ಬರೂ ಉಸಿರೆತ್ತಲಿಲ್ಲ. ಎರಡನೆಯ ಸಲ ಕೇಳಿದೆ. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ನನ್ನ ತಾಸು ಕಂಪ್ಯೂಟರಿನವರ ಪಾಲಾಯಿತು ಎಂದೇ ತಿಳಿದೆ.

ಕಡೆಗೆ ಶಿರಹಟ್ಟಿಯ ಹುಡುಗ, "ಕಥೆ ಚೆನ್ನಾಗಿದೆ ಮೇಡಂ" ಎಂದ.

ಅವನ ಹಿಂದಿನಿಂದ ಅವನ ಅಜ್ಜಿ ಸಿಡಿದಳು: "ಏನ್ ಚಲೋ ಐತೋ ಅದರಾಗ? ಮನಿಮಗಳನ್ನ ಬರೀ ಸೆರಗಿನ್ಯಾಗ ಕಳಿಸ್ಯಾಳ. ಆಕೀ ಕೈಗೇನಾಗಿತ್ತು?"

ಲಕ್ಷ್ಮೇಶ್ವರದ ಹುಡುಗಿಯ ತಾಯಿ ಬಿಡಲಿಲ್ಲ. "ಅಜ್ಜೀ, ನೀವು ಪೂರಾ ಕೇಳಿಲ್ಲ. ಮುಂಜಾನೆ ಆಕಿ ಅಕ್ಕಿ ಡಬ್ಬಿ ಬಡದು ನೋಡ್ತಾಳಲ್ಲ? ಮನಿಯಾಗ ಇದ್ರಲ್ಲ ತುಂಬಾಕ!"

"ಇಲ್ಲಂದ್ರ ಮಗ್ಗಲ ಮನಿಯಾಗ ಇಸ್ಕೊಂಡು ಬರಬೇಕವಾ!"

"ಯವ್ವಾ, ನೀ ಸುಮ್ಮಿರಬೇ, ಇದು ನನ್ನ ಕ್ಲಾಸು!" ಎಂದು ಲಕ್ಷ್ಮೇಶ್ವರದ ಹುಡುಗಿ ಫೋನು ಕಸಿದುಕೊಂಡಳು. "ಅಜ್ಜೀ, ಇಸ್ಕೊಂಡು ಬಂದಿದ್ರ ಓಣಿಗೆಲ್ಲಾ ಗೊತ್ತಾಗ್ತಿತ್ತು. ಮನಿ ಮರ್ಯಾದಿ ಉಳಸಾಕ ಸೊಸಿ ತಾನ ಕೆಟ್ಟಾಕಿ ಅನ್ನಿಸ್ಕೊಂಡ್ಲು."

ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷಗಳಲ್ಲಿ ಯಾವ ನೋಟ್ಸಿನಲ್ಲೂ ನಾನು ಬರೆಸಿರದ ಮಾತು ಅದು. ಶಿಗ್ಲಿಯವಳು ಮೈಕು ತೆರೆದು, "ಹಂಗಾದ್ರ ಮಗಳಿಗಾದ ನೋವಿನ ಲೆಕ್ಕ ಯಾರು ಇಡೋರು?" ಎಂದಳು. ಇನ್ನೂ ಐದಾರು ಜನ ನುಗ್ಗಿದರು. ನನಗೆ ಯಾರನ್ನು ಸುಮ್ಮನಿರಿಸಬೇಕೆಂಬುದೇ ತಿಳಿಯದಾಯಿತು.

ಈ ಸಂಭ್ರಮದಲ್ಲಿ ಪ್ರಿನ್ಸಿಪಾಲರಿಗೂ ಹುರುಪು ಬಂತು. "ಏನ ಹೇಳ್ರಿ, ಮನಿಮಗಳನ್ನ ಹಂಗ ಕಳಿಸಬಾರದಿತ್ತು. ಸೊಸಿದ ತಪ್ಪು" ಎಂದು ತೀರ್ಪು ಕೊಟ್ಟರು.

ಸೋಫಾದ ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿತು. "ಹೌದ್ರೀ? ಹೋದ ಪಂಚಮಿಗೆ ನಿಮ್ಮ ತಂಗಿ ಹೇಳದ ಕೇಳದ ಬಸ್ ಹತ್ತಿ ಹೋದ್ರ, ನಾ ಬಸ್‌ಸ್ಟ್ಯಾಂಡಿನ್ಯಾಗ ಓಡಿಹೋಗಿ ಉಡಿ ತುಂಬಬೇಕಿತ್ತೇನ್ರಿ? ಅದಕ್ಕ ನಾಕು ತಿಂಗಳು ನನ್ನ ಕೂಡ ಮಾತು ಬಿಟ್ಟಿದ್ರಿ!"

ಶಿರಹಟ್ಟಿಯ ಅಜ್ಜಿ ಕೂಡಲೇ ವಿಚಾರಣೆಗಿಳಿದಳು: "ತಂಗಿ ಯಾಕ ಸಿಟ್ಟಾಗಿದ್ಲು, ಅದನ್ನ ಮದ್ಲ ಹೇಳವಾ."

ಪ್ರಿನ್ಸಿಪಾಲರ ಮುಖ ಪರದೆಯಿಂದ ಮಾಯವಾಯಿತು. ಅವರ ಮನೆಯ ನೆಟ್‌ವರ್ಕ್ ಕೈಕೊಟ್ಟಿತೆಂದು ಗ್ರೂಪಿಗೆ ಸಂದೇಶ ಬಂತು.

ಸೋಮವಾರ ನನ್ನ ಮೇಜಿನ ಮೇಲೆ ಅವರ ಸಹಿ ಇದ್ದ ಆದೇಶ ಕಾದಿತ್ತು: "ಶನಿವಾರದ ಓದಿನ ತಾಸನ್ನು ಎಂದಿನಂತೆ ಮುಂದುವರಿಸುವುದು. ಇನ್ನು ಮುಂದೆ ಕಥೆಗಳನ್ನು ಆರಿಸುವಾಗ, ನಾದಿನಿಯರಿರುವ ಕಥೆಗಳನ್ನು ಕಡ್ಡಾಯವಾಗಿ ಕೈಬಿಡತಕ್ಕದ್ದು."